ಹತ್ತಕ್ಕೆ ಒಂಬತ್ತು

ಕೈಯಲ್ಲಿ ಒಂದು ನಕ್ಷೆ ಕೊಟ್ಟು ಯಾವ ಕಾಡಿಗೆ ಬಿಟ್ಟರೂ ವೆಂಕಟಗಿರಿ ಮೇಷ್ಟ್ರು ದಾರಿ ಹುಡುಕಿಕೊಂಡು ಬರುತ್ತಾರೆ ಎಂಬುದು ಅವರ ವಿದ್ಯಾರ್ಥಿಗಳ ನಂಬಿಕೆ. ಚಿಕ್ಕಪೇಟೆಯಲ್ಲಿ ಒಂದೇ ಸೀರೆ ಅಂಗಡಿಯ ಮುಂದೆ ಮೂರು ಸಲ ಹಾಯಿಸಿಕೊಂಡು ಹೋಗಿ “ಇನ್ನೇನು ಬಂತು” ಅಂದರು ಎಂಬುದು ಅವರ ಹೆಂಡತಿ ಅನಂತಲಕ್ಷ್ಮಿಯ ಅನುಭವ. ಎರಡೂ ನಿಜವೇ. ವಿಜಯನಗರದ ಪಿಯು ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿದ ಈ ಮನುಷ್ಯನಿಗೆ ಭೂಮಿ ಕಾಗದದ ಮೇಲಿದ್ದಾಗ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು.

ನಿವೃತ್ತರಾದ ಮೇಲೆ ಅವರು ಇರುವುದು ಅನ್ನಪೂರ್ಣೇಶ್ವರಿ ನಗರದಿಂದ ಸ್ವಲ್ಪ ಆಚೆ, ಗುರುಕೃಪಾ ಲೇಔಟಿನ ಒಂದನೇ ನಂಬರಿನ ಮನೆಯಲ್ಲಿ. ಲೇಔಟಿನ ಕಮಾನಿನ ಮೇಲೆ ಬಣ್ಣದಲ್ಲಿ ಬರೆದಿರುವ ಆ ಗುರು ಯಾವ ಮಠದ ಸ್ವಾಮಿಗಳೂ ಅಲ್ಲ. ಸಾಕ್ಷಾತ್ ವೆಂಕಟಗಿರಿ ಮೇಷ್ಟ್ರೇ. ಲೇಔಟ್ ಮಾಡಿದ ಮಧುಕುಮಾರ್ ಅವರ ಹಳೆಯ ವಿದ್ಯಾರ್ಥಿ, ಪಕ್ಕದ ಚಿಕ್ಕಮಾದನಪಾಳ್ಯದ ಕೆಂಚಪ್ಪನವರ ಮಗ. ನೆಲ ಮಟ್ಟ ಮಾಡಿಸಿ ಕಲ್ಲು ನೆಡಿಸಿದ ವಾರವೇ ಅವನು ಮೇಷ್ಟ್ರ ಬಾಡಿಗೆ ಮನೆಗೆ ಬಂದಿದ್ದ.

“ಮೊದಲನೇ ಸೈಟು ನಿಮಗೇ ಸಾರ್. ಕಾರ್ನರು, ಪೂರ್ವದ ಬಾಗಿಲು. ರೇಟು ನೀವು ಕೇಳಬಾರದು, ನಾನು ಹೇಳಬಾರದು. ಗುರುದಕ್ಷಿಣೆ ಅಂದ್ಕೊಳಿ” ಎಂದು ಕಾಲು ಮುಟ್ಟಿದ್ದ.

ಕೊನೆಗೆ ರೇಟು ಹೇಳಲೇಬೇಕಾಯಿತು. ಅದು ಸುತ್ತಮುತ್ತಲಿನ ಬೆಲೆಯ ಅರ್ಧಕ್ಕಿಂತ ಚೂರು ಮೇಲಿತ್ತು. ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟು ಹರಸಿದ್ದರು. ಈ ಪ್ರಸಂಗವನ್ನು ಅವರು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದವರ ಹತ್ತಿರ ಮಾತ್ರ ಹೇಳುತ್ತಿದ್ದರು.

ಹಾಗೆಂದು ಅವರೇನೂ ಕಣ್ಣು ಮುಚ್ಚಿಕೊಂಡು ಕೊಂಡವರಲ್ಲ. ವಕೀಲರು ಕಾಗದಪತ್ರ ನೋಡಿ ಎಲ್ಲಾ ಸರಿಯಾಗಿದೆ ಎಂದಿದ್ದರು. ಸರಿಯಿಲ್ಲದ ಕಾಗದಪತ್ರವನ್ನು ಯಾರು ತಾನೇ ತಂದು ತೋರಿಸುತ್ತಾರೆ. ವಾಸ್ತುವಿನವರು ಬಂದು ಈಶಾನ್ಯಕ್ಕೆ ನೀರು ಬರಲಿ ಎಂದು ಸಂಪಿನ ಜಾಗಕ್ಕೆ ಗುರುತು ಹಾಕಿದ್ದರು. ಈಶಾನ್ಯ ಅವರ ಮಾತು ಕೇಳಿತು. ಸುತ್ತಲಿನ ಬಡಾವಣೆಗಳಲ್ಲಿ ಬೋರ್‌ವೆಲ್ ಕೊರೆಸಿ ಧೂಳು ಕಂಡವರಿದ್ದರು. ಗುರುಕೃಪಾದಲ್ಲಿ ಎಲ್ಲಿ ಚುಚ್ಚಿದರೂ ನೀರು. ನೆಲವೂ ಎಷ್ಟು ಮಟ್ಟಸವೆಂದರೆ, “ತಟ್ಟೆ ಇದ್ದ ಹಾಗಿದೆ, ನೋಡಿ” ಎಂದು ಮೇಷ್ಟ್ರೇ ನೆಂಟರಿಗೆ ತೋರಿಸುತ್ತಿದ್ದರು. ಮಳೆಗಾಲದಲ್ಲಿ ನಡುಮನೆಗೆ ಕಪ್ಪೆ ಬರುತ್ತಿತ್ತು. ಗೋಡೆ ಮೊಣಕಾಲಿನ ಎತ್ತರಕ್ಕೆ ಒದ್ದೆಯಾಗಿ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಅದಕ್ಕೆ ಮೇಷ್ಟ್ರು ಸಿಮೆಂಟಿನ ಗುಣಮಟ್ಟವನ್ನು ಬೈಯುತ್ತಿದ್ದರು. ಲೇಔಟಿನ ಅಂಚಿನ ಬಸ್ಸಿನ ರಸ್ತೆ ಮನೆಗಳ ಕಿಟಕಿಯ ಮಟ್ಟಕ್ಕಿತ್ತು. “ಒಂದೊಂದು ಸರ್ಕಾರಾನೂ ಬಂದು ಒಂದೊಂದು ಪದರ ಟಾರು ಹಾಕಿದರೆ ರಸ್ತೆ ಏರದೆ ಇನ್ನೇನು ಮಾಡುತ್ತೆ” ಎಂಬುದು ಅವರ ವಿವರಣೆ. ಭೂಗೋಳ ತಿಳಿದವರು ಹೇಳಿದ ಮೇಲೆ ಮಿಕ್ಕವರು ತಲೆಯಾಡಿಸುತ್ತಿದ್ದರು.

ಆ ಮಿಕ್ಕವರಲ್ಲಿ ಮೊದಲಿಗರು ಎದುರುಮನೆಯ ಕೊಟ್ರೇಶ್. ಹರಪನಹಳ್ಳಿ ಕಡೆಯವರು, ಬ್ಯಾಂಕಿನಲ್ಲಿದ್ದಾರೆ. “ನಿಮ್ಮನ್ನ ನೋಡ್ಕೊಂಡೇ ನಾವು ಸೈಟ್ ತಗೊಂಡಿದ್ದು ಸಾರ್” ಎಂದು ಗೃಹಪ್ರವೇಶದ ದಿನ ಎಲ್ಲರೆದುರಿಗೆ ಹೇಳಿದ್ದರು. ಆ ಮಾತನ್ನು ಮೇಷ್ಟ್ರು ತಾಂಬೂಲದ ಜೊತೆಗೇ ಮನೆಗೆ ತಂದಿದ್ದರು.

ಈಗ ಮಗಳ ಸರದಿ. ದೀಪ್ತಿ ಮತ್ತು ಅಳಿಯ ಆತ್ರೇಯ ಆರ್‌ಪಿಸಿ ಲೇಔಟಿನಲ್ಲಿ ಬಾಡಿಗೆಗಿದ್ದರು. ಮೇಷ್ಟ್ರ ಮನೆಯ ಪಕ್ಕಕ್ಕೆ ಒಂದು ಸೈಟನ್ನು ಮಧುಕುಮಾರ್ ಇಷ್ಟು ವರ್ಷ ಮಾರದೆ ಉಳಿಸಿಕೊಂಡಿದ್ದ. “ನಮ್ಮ ತಂಗಿಗೆ ಅಂತಾನೇ ಇಟ್ಟಿದ್ದು” ಎಂದ. ಸೋಮವಾರ ಬೆಳಿಗ್ಗೆ ರಿಜಿಸ್ಟ್ರೇಷನ್. ಗಂಡ ಹೆಂಡತಿ ಕೂಡಿಟ್ಟದ್ದೆಲ್ಲ ಅದಕ್ಕೆ ಹೋಗುವುದಿತ್ತು.

ಶುಕ್ರವಾರ ಕಾಲೇಜಿನಿಂದ ಮೇಧಾ ಫೋನ್ ಮಾಡಿದಳು. ಅವಳೂ ಹಳೆಯ ವಿದ್ಯಾರ್ಥಿನಿಯೇ, ಈಗ ಅಲ್ಲಿಯೇ ಉಪನ್ಯಾಸಕಿ.

“ಸಾರ್, ಜಾಗ್ರಫಿ ತಗೊಳ್ಳೋರು ಯಾರೂ ಇಲ್ಲ. ನಮ್ಮ ರೂಮನ್ನ ಕಾಮರ್ಸ್‌ನೋರಿಗೆ ಕೊಟ್ಟುಬಿಟ್ರು. ಮ್ಯಾಪುಗಳನ್ನೆಲ್ಲ ನಾಳೆ ಗುಜರಿಗೆ ಹಾಕ್ತಾರಂತೆ. ನಿಮಗೆ ಬೇಕಾಗಿದ್ದು ತಗೊಂಡ್ ಹೋಗಿ.”

ಮೇಷ್ಟ್ರು ಆಟೋ ಮಾಡಿಕೊಂಡು ಹೋದರು. ಪ್ರಪಂಚದ ಗಾಳಿ, ಪ್ರಪಂಚದ ಮಣ್ಣು, ಒಂದು ಕಾಲಿನ ಗ್ಲೋಬು, ಯಾವುದನ್ನೂ ಮುಟ್ಟದೆ ಒಂದೇ ಹಾಳೆಯನ್ನು ಸುರುಳಿ ಸುತ್ತಿಕೊಂಡು ಬಂದರು. ಅದು ಬೆಂಗಳೂರಿನ ಪಶ್ಚಿಮದ ಹಳ್ಳಿಗಳ ಹಳೆಯ ಟೋಪೋಶೀಟು: ಏರುತಗ್ಗು, ಗುಡಿ, ಬಾವಿ, ಬಂಡಿದಾರಿ ಸಮೇತ ನೆಲವನ್ನು ಅಳೆದು ಮುದ್ರಿಸಿದ ಸರ್ಕಾರಿ ನಕ್ಷೆ. ಎಲ್ಲ ವರ್ಷದ ಪ್ರಾಕ್ಟಿಕಲ್ಲಿಗೂ ಅದೊಂದೇ ಶೀಟು. ಅದರ ಮೇಲೆ ಪೆನ್ಸಿಲ್ ತಾಗಿಸಕೂಡದೆಂದು ಅವರು ವರ್ಷವರ್ಷವೂ ಹೇಳುತ್ತಿದ್ದರು. ಹುಡುಗರು ವರ್ಷವರ್ಷವೂ ತಾಗಿಸುತ್ತಿದ್ದರು.

“ಮನೆಯಲ್ಲಿ ರದ್ದಿ ಕಮ್ಮಿಯಾಗಿತ್ತು ಅಂತ ತಂದ್ರಾ?” ಎಂದರು ಅನಂತಲಕ್ಷ್ಮಿ.

ಭಾನುವಾರ ಮಗಳು ಅಳಿಯ ಊಟಕ್ಕೆ ಬಂದರು. ಊಟವಾದ ಮೇಲೆ ಮೇಷ್ಟ್ರು ಮೇಜು ಒರೆಸಿ ಶೀಟು ಹರಡಿದರು. ನಾಲ್ಕು ಮೂಲೆಗೆ ಉಪ್ಪಿನಕಾಯಿ ಜಾಡಿ, ತುಪ್ಪದ ಬಟ್ಟಲು, ಎರಡು ಲೋಟ. ಅಳಿಯನೆದುರು ಪಾಠ ಹೇಳುವ ಅವಕಾಶ ಸಿಕ್ಕುವುದೇ ಅಪರೂಪ.

“ಕಂದು ಗೆರೆಗಳು ಎತ್ತರ. ಒಂದೊಂದು ಗೆರೆಯ ಉದ್ದಕ್ಕೂ ಎತ್ತರ ಒಂದೇ. ಗೆರೆ ಹತ್ತಿರ ಬಂದರೆ ಕಡಿದು, ದೂರ ಹೋದರೆ ಬಯಲು. ಹಳದಿ ಅಂದ್ರೆ ಹೊಲ. ಹಸಿರು ಚುಕ್ಕಿ ತೋಪು. ಕೆಂಪು ಚೌಕಗಳು ಹಳ್ಳಿ ಮನೆ. ಇದು ನೋಡಿ ಮಾಗಡಿ ರಸ್ತೆ.”

ಆತ್ರೇಯ ನಿಜವಾಗಿಯೇ ಬಗ್ಗಿ ನೋಡಿದ. ನಾಗರಬಾವಿ ಎಂದರೆ ಹಿಡಿಯಷ್ಟು ಕೆಂಪು ಚೌಕ, ಸುತ್ತ ಹಳದಿ. ಈಗ ಸಿಗ್ನಲ್ಲಿನಲ್ಲಿ ಎಲ್ಲರೂ ಹಾರ್ನ್ ಹೊಡೆಯುವ ಜಾಗದಲ್ಲಿ ಒಂದು ಮಾವಿನ ತೋಪು, ಒಂದು ಬಾವಿ, ಎಲ್ಲಿಗೂ ಅವಸರವಿಲ್ಲದ ಒಂದು ಬಂಡಿದಾರಿ.

“ಎಲ್ಲಾ ಎಷ್ಟು ಖಾಲಿ ಇತ್ತಲ್ಲ ಮಾವ.”

“ಖಾಲಿ ಅಲ್ಲ ಕಣಯ್ಯ. ನಾವಿರಲಿಲ್ಲ ಅಷ್ಟೆ.” ಇದು ಚೆನ್ನಾಗಿ ಬಂತೆಂದು ಮೇಷ್ಟ್ರಿಗೆ ಅನ್ನಿಸಿತು.

“ಅಪ್ಪ, ನಮ್ಮನೆ ಎಲ್ಲಿ ಬರುತ್ತೆ ಇದರಲ್ಲಿ?” ಎಂದಳು ದೀಪ್ತಿ.

ಅದೇನು ಕಷ್ಟ. ಚಿಕ್ಕಮಾದನಪಾಳ್ಯದ ಮುನೇಶ್ವರನ ಗುಡಿ ಈಗಲೂ ಬಸ್ಸಿನ ರಸ್ತೆಯ ತಿರುವಿನಲ್ಲಿದೆ, ನಕ್ಷೆಯಲ್ಲೂ ಇದೆ. ಅಲ್ಲಿಂದ ಮನೆಗೆ ಮುನ್ನೂರು ಮೀಟರು. ಬೆಳಗಿನ ವಾಕಿಂಗಿನಲ್ಲಿ ಅಳೆದದ್ದು. ಮೇಷ್ಟ್ರು ಗುಡಿಯ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಸರಿಸಿದರು. ಬೆರಳು ಹಳದಿಯನ್ನು ದಾಟಿ, ಸಾಲಾಗಿ ಸಣ್ಣ ಗೀಟುಗಳಿದ್ದ ಒಂದು ಬಾಗಿದ ಗೆರೆಯನ್ನು ದಾಟಿ, ನೀಲಿಯೊಳಗೆ ಇಳಿದು ನಿಂತಿತು.

ಹೆಬ್ಬೆರಳಿನ ಉಗುರಿನಷ್ಟು ನೀಲಿ.

ವಯಸ್ಸಾಯಿತು, ಬೆರಳು ದಪ್ಪ ಎಂದುಕೊಂಡು ಅವರು ಅನಂತಲಕ್ಷ್ಮಿಯ ಹೊಲಿಗೆ ಡಬ್ಬಿಯಿಂದ ದಾರ ತರಿಸಿದರು. ಮಾಪಕದ ಮೇಲೆ ಅಳೆದು, ಗುಡಿಗೆ ಒಂದು ತುದಿ ಹಿಡಿದು, ಇನ್ನೊಂದು ತುದಿ ಬಿಟ್ಟರು. ಅದೂ ನೀಲಿಯಲ್ಲೇ ಬಿತ್ತು. ಗೀಟುಗಳಿದ್ದ ಆ ಬಾಗಿದ ಗೆರೆ ಕೆರೆಯ ಏರಿ. ಅದೇ ಬಾಗು ಇವತ್ತಿನ ಬಸ್ಸಿನ ರಸ್ತೆಗಿದೆ. ಯಾವ ಸರ್ಕಾರವೂ ಅಷ್ಟೊಂದು ಟಾರು ಹಾಕಿರಲಿಲ್ಲ.

“ಎಲ್ಲಿ ಅಪ್ಪ?”

“ಇಲ್ಲಿ” ಎಂದು ಮೇಷ್ಟ್ರು ಹಳದಿಯ ಮೇಲೆ ಬೆರಳಿಟ್ಟರು. ನಕ್ಷೆಯ ಮುಂದೆ ನಿಂತು ಅವರು ಹೇಳಿದ ಮೊದಲ ಸುಳ್ಳು ಅದು.

ಆಮೇಲೆ ಅವರಿಗೆ ಪೆನ್ಸಿಲ್ ಗೆರೆ ಕಂಡಿತು. ಅಡ್ಡಾದಿಡ್ಡಿ ಗೆರೆಗಳು ಬೇಕಾದಷ್ಟಿದ್ದವು. ಪ್ರಾಕ್ಟಿಕಲ್ಲಿನಲ್ಲಿ ಒಬ್ಬೊಬ್ಬರೂ ತಮಗೆ ಬೇಕಾದ ಕಡೆ ಎ-ಯಿಂದ ಬಿ-ಗೆ ಒಂದು ಗೆರೆ ಆರಿಸಿಕೊಂಡು, ಆ ಗೆರೆಯಲ್ಲಿ ನೆಲವನ್ನು ಚಾಕುವಿನಿಂದ ಕೊಯ್ದರೆ ಹೇಗೆ ಕಂಡೀತೋ ಆ ಆಕಾರವನ್ನು ಗ್ರಾಫ್ ಹಾಳೆಯಲ್ಲಿ ಬರೆಯಬೇಕು. ಗೆರೆ ಬೆರೆಯದಿರಲಿ ಎಂದು ತುದಿಗೆ ಹೆಸರಿನ ಅಕ್ಷರ ಹಾಕುತ್ತಿದ್ದರು. ಈ ಗೆರೆ ಚಿಕ್ಕಮಾದನಪಾಳ್ಯದಿಂದ ಹೊರಟು, ನೀಲಿಯನ್ನು ಸರಿಯಾಗಿ ನಡುವೆ ಸೀಳಿ, ಆಚೆಯ ಹೊಲದಲ್ಲಿ ನಿಂತಿತ್ತು. ತುದಿಯಲ್ಲಿ ದುಂಡಗಿನ ಅಕ್ಷರ: ಮ.ಕು.

ಮೇಷ್ಟ್ರಿಗೆ ಆ ಮಧ್ಯಾಹ್ನವೂ ನೆನಪಾಯಿತು. ಎಲ್ಲರೂ ಸುಲಭವೆಂದು ಗುಡ್ಡದ ಮೇಲೆ ಗೆರೆ ಎಳೆದರೆ ಈ ಹುಡುಗ ಒಬ್ಬ ತನ್ನ ಊರಿನ ಮೇಲೆ ಎಳೆದಿದ್ದ. “ನೋಡಿ ಕಲೀರಿ” ಎಂದು ಇಡೀ ತರಗತಿಗೆ ಎತ್ತಿ ತೋರಿಸಿದ್ದರು.

“ಸ್ವಲ್ಪ ಅಡ್ಡಾಗ್ತೀನಿ” ಎಂದು ಒಳಗೆ ಹೋದರು. ಅಡ್ಡಾಗಲಿಲ್ಲ. ಮಂಚದ ಮೇಲೆ ಕೂತು ಗೋಡೆಯ ಹಪ್ಪಳ ನೋಡುತ್ತಿದ್ದರು.

ಸಂಜೆ ನಾಲ್ಕಕ್ಕೆ ಮಧುಕುಮಾರ್ ಬಂದ. ಕೈಯಲ್ಲಿ ಎಂದಿನಂತೆ ಸೊಗಡಿನ ಅವರೆಕಾಯಿಯ ಚೀಲ. ಪ್ರತಿ ವರ್ಷ ಮೊದಲ ಅವರೆಕಾಯಿ ಈ ಮನೆಗೇ. ಕಾಲು ಮುಟ್ಟಿ, ಪೋರ್ಟಿಕೋದ ಕುರ್ಚಿಯ ಅಂಚಿನಲ್ಲಿ ವಿನಯದಿಂದ ಕೂತ.

“ನಾಳೆ ಹನ್ನೊಂದಕ್ಕೆ ಸಾರ್. ತಂಗಿಗೆ ಆಧಾರ್ ಮರೀಬೇಡ ಅನ್ನಿ. ಕಾರ್ ಕಳಿಸ್ತೀನಿ.”

ಮೇಷ್ಟ್ರು ಶೀಟನ್ನು ಅವನ ತೊಡೆಯ ಮೇಲೆ ಬಿಚ್ಚಿದರು. “ಗುರುತು ಸಿಗುತ್ತಾ?”

ಅವನ ಮುಖ ಅರಳಿತು. ಬೆಚ್ಚುತ್ತಾನೆಂದು ಕಾದಿದ್ದ ಮೇಷ್ಟ್ರಿಗೆ ಅದು ಮೊದಲ ಏಟು.

“ನಮ್ಮ ಶೀಟು. ಇನ್ನೂ ಇದೆಯಾ ಸಾರ್ ಇದು? ಇದು ನಂದೇ ಗೆರೆ. ನಮ್ಮನೆ ಹಿತ್ತಲಿಂದ ಹಿಡ್ಕೊಂಡು ತಾತನ ಹೊಲದ ತನಕ.”

“ಮಧ್ಯೆ ಏನಿದೆ?”

“ಕೆರೆ ಸಾರ್.” ಪರೀಕ್ಷೆಯಲ್ಲಿ ಉತ್ತರ ಕೊಟ್ಟಷ್ಟು ಚುರುಕಾಗಿ ಹೇಳಿದ. “ಹತ್ತಕ್ಕೆ ಒಂಬತ್ತು ಕೊಟ್ರಿ. ಕೆರೆ ಅಂತ ಹೆಸರು ಬರೀಲಿಲ್ಲ ಅಂತ ಒಂದು ಮಾರ್ಕು ಕಟ್ ಮಾಡಿದ್ರಿ. ನಾನು ಮರೆತಿಲ್ಲ.”

“ಆ ಕೆರೆ ಈಗ ಎಲ್ಲಿದೆ ಮಧು?”

ಮಧುಕುಮಾರ್ ಶೀಟು ನೋಡಿದ, ಮೇಷ್ಟ್ರ ಮುಖ ನೋಡಿದ. ತಮಾಷೆಯೋ ಅಲ್ಲವೋ ತಿಳಿಯದೆ ಸಣ್ಣಗೆ ನಕ್ಕ. “ಇಲ್ಲೇ ಸಾರ್. ಕೂತಿದೀವಲ್ಲ.”

“ನನಗೆ ಹೇಳಲಿಲ್ಲ ನೀನು.”

“ನಿಮಗೆ ನಾನು ಹೇಳೋದಾ ಸಾರ್?” ಅವನಿಗೆ ನಿಜವಾಗಿಯೇ ನೋವಾದಂತೆ ಕಂಡಿತು, ಅಥವಾ ಅಭ್ಯಾಸವಾಗಿತ್ತು. “ಈ ಶೀಟು ಓದೋದು ಕಲಿಸಿದ್ದೇ ನೀವು. ಆ ರೇಟು ಹೇಳ್ದಾಗ ಯಾಕಿಷ್ಟು ಕಮ್ಮಿ ಅಂತ ಒಂದು ಮಾತು ನೀವು ಕೇಳಲಿಲ್ಲ. ಸಾರ್‌ಗೆ ಎಲ್ಲಾ ಗೊತ್ತಿದ್ದೇ ತಗೋತಿದಾರೆ ಅಂದ್ಕೊಂಡೆ.”

“ಗುರುದಕ್ಷಿಣೆ ಅಂದಿದ್ದೆ.”

“ಮಾತಿಗೆ ಅಂತೀವಿ ಸಾರ್. ಕೆರೆ ಜಾಗಕ್ಕೆ ಆಗ ಯಾರು ಕೊಡ್ತಿದ್ರು ಪೂರ್ತಿ ರೇಟು.”

ಮೇಷ್ಟ್ರು ಇಷ್ಟು ವರ್ಷ ಬಂದವರಿಗೆಲ್ಲ ಬಡಿಸಿದ ಪ್ರಸಂಗವೊಂದು ಕಣ್ಣೆದುರಿಗೇ ಹಳಸಿಹೋಯಿತು.

ಅವರ ಮೌನವನ್ನು ಮಧುಕುಮಾರ್ ಒಪ್ಪಿಗೆ ಎಂದು ತಿಳಿದನೇನೋ, ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತ. “ನಮ್ಮಪ್ಪನ ತಲೆ ಸಾರ್ ಅದು. ಮೊದಲು ನಿಮ್ಮ ಮೇಷ್ಟ್ರನ್ನ ಕೂರಿಸು, ಆಮೇಲೆ ಯಾರೂ ಏನೂ ಕೇಳಲ್ಲ ಅಂದ್ರು. ಹಂಗೇ ಆಯ್ತು. ಯಾರಾದ್ರೂ ಇದು ಕೆರೆಯಂತಲ್ಲ ಅಂದ್ರೆ, ಭೂಗೋಳದ ಮೇಷ್ಟ್ರೇ ಮನೆ ಕಟ್ಕೊಂಡಿದಾರೆ, ಹೋಗಿ ಕೇಳ್ರಿ ಅಂತಿದ್ವಿ. ನಿಮ್ಮ ಸಂಪು ನೋಡ್ಕೊಂಡು, ಕಾಫಿ ಕುಡ್ಕೊಂಡು ಬಂದು ಅಡ್ವಾನ್ಸ್ ಕೊಡೋರು.”

ಕಾಫಿ ಕುಡಿದು ಹೋದವರ ಮುಖಗಳೆಲ್ಲ ಮೇಷ್ಟ್ರಿಗೆ ನೆನಪಾದವು. ಎಲ್ಲರಿಗೂ ಅವರೇ ಮುಂದೆ ನಿಂತು ಸಂಪಿನ ಮುಚ್ಚಳ ತೆಗೆದು ತೋರಿಸಿದ್ದರು.

“ಮತ್ತೆ ದೀಪ್ತಿಗೆ? ಅವಳಿಗೆ ಯಾಕೋ?”

“ತಂಗಿಗೂ ಒಳ್ಳೇ ರೇಟೇ ಸಾರ್.” ಧ್ವನಿ ಇಳಿಸಿದ. “ನಿಮ್ಮ ಹತ್ರ ಏನು ಮುಚ್ಚುಮರೆ. ಈಗ ಮತ್ತೆ ಸರ್ವೆ ಗಿರ್ವೆ ಅಂತ ಗುಸುಗುಸು ಶುರುವಾಗಿದೆ. ಮೇಷ್ಟ್ರು ಮಗಳಿಗೂ ಅಲ್ಲೇ ಕೊಡಿಸಿದ್ರು ಅಂದ್ರೆ ಎಲ್ಲರಿಗೂ ಧೈರ್ಯ ಬರುತ್ತೆ. ಇಷ್ಟೊಂದು ಮನೆ ಯಾರು ಒಡೀತಾರೆ ಸಾರ್? ಏನೂ ಆಗಲ್ಲ.”

“ನಾಳೆ ಅವರು ಬರೋದಿಲ್ಲ.”

“ಕೋಪದಲ್ಲಿ ಬೇಡ ಸಾರ್. ರಾತ್ರಿ ಯೋಚನೆ ಮಾಡಿ.” ಎದ್ದವನು ಶೀಟನ್ನು ತಾನೇ ಜೋಪಾನವಾಗಿ ಸುತ್ತಿ ಅವರ ಕೈಗಿತ್ತ. “ಇದನ್ನ ಬೇರೆ ಯಾರಿಗೂ ತೋರಿಸಬೇಡಿ. ನಿಮ್ಮ ಮನೆಗೇ ತೊಂದರೆ.” ಬಗ್ಗಿ ಕಾಲು ಮುಟ್ಟಿದ. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಆಗಿಹೋಗಿತ್ತು.

ಒಳಗೆ ಅನಂತಲಕ್ಷ್ಮಿ ಚೀಲಕ್ಕೆ ಮೂಗಿಟ್ಟು, “ಏನು ಸೊಗಡು, ನೋಡಿ” ಎಂದರು.

ಮೇಷ್ಟ್ರು ಮಗಳನ್ನು ಮೇಜಿಗೆ ಕರೆದರು. ದೀಪ್ತಿ ಚಿಕ್ಕಂದಿನಿಂದ ಅಪ್ಪನ ಪಾಠ ತಪ್ಪಿಸಿಕೊಂಡೇ ದೊಡ್ಡವಳಾದವಳು. ಇವತ್ತು ಅಪ್ಪನ ಮುಖದಲ್ಲಿ ಏನೋ ಕಂಡು ಎದುರಿಗೆ ಬಂದು ಕೂತಳು. ಕ್ಯಾಲೆಂಡರಿನ ಹಾಳೆಯೊಂದನ್ನು ಉದ್ದಕ್ಕೆ ಹರಿದು ಕೊಟ್ಟರು.

“ಈ ಪಟ್ಟಿಯನ್ನ ಈ ಗೆರೆಗೆ ಹೊಂದಿಸಿ ಇಡು. ಕಂದು ಗೆರೆ ಎಲ್ಲೆಲ್ಲಿ ದಾಟುತ್ತೋ ಅಲ್ಲಲ್ಲಿ ಗುರುತು ಹಾಕು. ಪಕ್ಕದಲ್ಲಿ ಎತ್ತರ ಬರಿ. ಆಮೇಲೆ ಚುಕ್ಕಿಗಳನ್ನ ಸೇರಿಸು.”

ಅವಳು ಸೇರಿಸಿದಳು. ಗೆರೆ ಹಳ್ಳಿಯಿಂದ ಇಳಿಯಿತು, ಇನ್ನೂ ಇಳಿಯಿತು, ಆಚೆಗೆ ಏರಿತು. ನಡುವೆ ಒಂದು ಬೋಗುಣಿ.

“ಈ ತಗ್ಗಲ್ಲಿ ಏನು ಬರೀಲಿ?”

“ಶೀಟಲ್ಲಿ ಏನಿದೆಯೋ ಅದನ್ನ ಬರಿ.”

‘ಕೆರೆ’ ಎಂದು ಬರೆದಳು. ಪೆನ್ಸಿಲ್ ಎತ್ತಲಿಲ್ಲ. “ಅಪ್ಪ, ಮಧ್ಯಾಹ್ನ ನೀನು ನಮ್ಮನೆ ಹಳದಿಯಲ್ಲಿದೆ ಅಂದೆ.”

“ಅಂದೆ.” ಅವರು ದಾರದ ತುದಿಯನ್ನು ಮತ್ತೆ ನೀಲಿಯಲ್ಲಿಟ್ಟರು.

ಆತ್ರೇಯ ಎದ್ದು ಫೋನು ತೆಗೆದುಕೊಂಡು ಹಿತ್ತಲಿಗೆ ಹೋದ. ನಾಳೆಯ ರಜೆ ರದ್ದು ಮಾಡಲು ಎಂದು ಆಮೇಲೆ ಗೊತ್ತಾಯಿತು. ಅನಂತಲಕ್ಷ್ಮಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೈಯಲ್ಲಿದ್ದ ಕಾಯಿಯನ್ನು ಚೀಲಕ್ಕೇ ವಾಪಸ್ಸು ಹಾಕಿದರು.

ಮೇಷ್ಟ್ರು ಶೀಟು ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ?” ಎಂದರು ಅನಂತಲಕ್ಷ್ಮಿ.

“ಕೊಟ್ರೇಶ್ ಮನೆಗೆ.”

“ಅವನು ಯಾರಿಗೂ ತೋರಿಸಬೇಡಿ ಅಂದ್ನಲ್ಲ. ಕಿಟಕಿಯಲ್ಲಿ ಕೇಳಿಸ್ತು.”

“ನನ್ನ ಮುಖ ನೋಡಿ ತಗೊಂಡಿದಾರೆ ಕಣೇ.”

ಕೊಟ್ರೇಶ್ ಅಂಗಳದಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದರು. “ಬರ್ರಿ ಸಾರ್. ಮಗಳಿಗೂ ಇಲ್ಲೇ ಆಯ್ತಂತಲ್ಲ, ಒಳ್ಳೇದಾಯ್ತು ಬಿಡ್ರಿ. ನಮಗೂ ಒಂದು ಧೈರ್ಯ” ಎಂದು ಪೈಪು ಕೆಳಗಿಟ್ಟರು.

ಮೇಷ್ಟ್ರು ಕಾರಿನ ಬಾನೆಟ್ಟಿನ ಮೇಲೆ ಶೀಟು ಹರಡಿ ಎಲ್ಲವನ್ನೂ ಹೇಳಿದರು. ಗುಡಿ, ಏರಿ, ನೀಲಿ, ಆ ಹುಡುಗನ ಗೆರೆ. ಅಷ್ಟು ಸ್ಪಷ್ಟವಾಗಿ ಅವರು ಯಾವ ತರಗತಿಗೂ ಪಾಠ ಹೇಳಿರಲಿಲ್ಲ. ತಮ್ಮ ಮನೆಯ ಜಾಗಕ್ಕೆ ತಾವೇ ಬೆರಳಿಟ್ಟರು, ಕೊಟ್ರೇಶರ ಮನೆಯ ಜಾಗಕ್ಕೂ ಇಟ್ಟರು. ಎರಡೂ ಒಂದೇ ಉಗುರಿನಡಿ ಬಂದವು.

ಕೊಟ್ರೇಶ್ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು.

“ಈ ಶೀಟು ಎಲ್ಲಿತ್ತು ಸಾರ್ ಇಷ್ಟು ವರ್ಷ?”

“ಕಾಲೇಜಲ್ಲಿ. ನನ್ನ ಹತ್ರಾನೇ ಇತ್ತು ಅನ್ನಿ. ನನ್ನ ಬೀರುವಿನಲ್ಲೇ.”

“ಇದನ್ನೇ ಪಾಠ ಮಾಡ್ತಿದ್ರಿ.”

“ಹೂಂ. ಇದನ್ನೇ.”

ಕೊಟ್ರೇಶ್ ಹೋಗಿ ನಲ್ಲಿ ನಿಲ್ಲಿಸಿ ಬಂದರು. ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತ, ಮೇಷ್ಟ್ರ ಮುಖ ನೋಡದೆ, ನಕ್ಷೆಯನ್ನೇ ನೋಡುತ್ತ, ಬಹಳ ಮರ್ಯಾದೆಯಿಂದಲೇ ಕೇಳಿದರು:

“ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗೆ ಅರ್ಧ ರೇಟಿಗೆ ಕೊಟ್ಟಿದ್ದ ಅಂತ ನೀವೇ ಹೇಳ್ತಿದ್ರಿ. ಅದು ಇದಕ್ಕೇ ಏನು ಸಾರ್?”